ಖಾಲಿ ಬಲೆಯ ಬೆಳಗು: ಲೂಕ 5:1–11ರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಹತ್ತಿರದ ನಮ್ಮ ಇಗರ್ಜಿಯಲ್ಲಿ ಗುರುವಾರ ಸಂಜೆ ಹತ್ತು ಹನ್ನೆರಡು ಜನ ಕೂತು ಶುಭಸಂದೇಶ, ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳನ್ನು ಓದುತ್ತೇವೆ. ನಾನು ಫಾದರ್ ಅಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನನ್ನ ಅಪ್ಪ ದಡದಿಂದ ಎಳೆಯುವ ಏಂಡಿ ಬಲೆ ಎಳೆದವರು. ಗುಂಪಿಗೆ ಹೊಸಬರು ಬಂದಾಗಲೆಲ್ಲ ಲೂಕ ಬರೆದ ಶುಭಸಂದೇಶದ 5ನೇ ಅಧ್ಯಾಯದ ಈ ಒಂದು ಭಾಗದ ಬಗ್ಗೆ ಅವೇ ಪ್ರಶ್ನೆಗಳು ಏಳುತ್ತವೆ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ನಾನು ಓದಿಲ್ಲ. ಕಥೆ ಏನು, ಚಿಕ್ಕದಾಗಿ ಹೇಳಿ.

ಗೆನೆಜರೇತ್ ಸರೋವರದ ದಂಡೆ. ಬೆಳಗಿನ ಹೊತ್ತು. ಯೇಸುಸ್ವಾಮಿಯ ಮಾತು ಕೇಳಲು ಜನ ಮುಗಿಬಿದ್ದಿದ್ದಾರೆ. ದಡದಲ್ಲಿ ಎರಡು ದೋಣಿ ನಿಂತಿವೆ. ಮೀನುಗಾರರು ಕೆಳಗಿಳಿದು ಬಲೆ ತೊಳೆಯುತ್ತಿದ್ದಾರೆ. ಯೇಸು ಸಿಮೋನನ ದೋಣಿ ಹತ್ತಿ, ದಡದಿಂದ ಸ್ವಲ್ಪ ಆಚೆ ತಳ್ಳು ಎಂದು ಕೇಳುತ್ತಾರೆ. ಅಲ್ಲೇ ಕೂತು ಜನರಿಗೆ ಬೋಧಿಸುತ್ತಾರೆ. ಮಾತು ಮುಗಿದ ಮೇಲೆ ಸಿಮೋನನಿಗೆ, ಆಳದ ಕಡೆ ನಡೆಸು, ಬಲೆ ಬಿಡಿ ಅನ್ನುತ್ತಾರೆ. ರಾತ್ರಿಯಿಡೀ ದುಡಿದರೂ ಏನೂ ಸಿಗಲಿಲ್ಲ, ಆದರೂ ನಿಮ್ಮ ಮಾತಿನ ಮೇಲೆ ಬಿಡುತ್ತೇನೆ ಅನ್ನುತ್ತಾನೆ ಸಿಮೋನ. ಬಲೆ ಹರಿಯುವಷ್ಟು ಮೀನು ಬೀಳುತ್ತದೆ. ಇನ್ನೊಂದು ದೋಣಿಯವರನ್ನು ಸನ್ನೆ ಮಾಡಿ ಕರೆಯುತ್ತಾರೆ. ಎರಡೂ ದೋಣಿ ಮುಳುಗುವ ಹಾಗೆ ತುಂಬುತ್ತವೆ. ಸಿಮೋನ ಯೇಸುವಿನ ಮೊಣಕಾಲಿಗೆ ಬಿದ್ದು, ನನ್ನಿಂದ ದೂರ ಹೋಗಿ, ನಾನು ಪಾಪಿ ಅನ್ನುತ್ತಾನೆ. ಹೆದರಬೇಡ, ಇನ್ನು ಮುಂದೆ ನೀನು ಮನುಷ್ಯರನ್ನು ಹಿಡಿಯುವವನು ಎಂದು ಯೇಸು ಹೇಳುತ್ತಾರೆ. ದೋಣಿ ದಡಕ್ಕೆ ತಂದು, ಎಲ್ಲವನ್ನೂ ಬಿಟ್ಟು, ಅವರು ಯೇಸುವಿನ ಹಿಂದೆ ಹೋಗುತ್ತಾರೆ.

ಹನ್ನೊಂದೇ ವಚನ. ಓದಲು ಎರಡು ನಿಮಿಷ ಸಾಕು.

ಇದನ್ನೇ ಯಾಕೆ ಹಿಡಿದುಕೊಂಡಿದ್ದೀರಿ?

ಕಥೋಲಿಕ ಇಗರ್ಜಿಗಳಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಈ ಭಾಗ ಬಂದದ್ದು 2025ರ ಫೆಬ್ರವರಿ 9ರ ಭಾನುವಾರ. ಆವತ್ತು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎದ್ದ ಚರ್ಚೆ ಇನ್ನೂ ನಿಂತಿಲ್ಲ. ನಿಲ್ಲುವುದಾದರೂ ಹೇಗೆ? ಬೈತಖೋಲ್ ಬಂದರಿನಲ್ಲಿ ಬೆಳಿಗ್ಗೆ ನಿಂತು ನೋಡಿದವರಿಗೆ ಇದು ಪಕ್ಕದ ಮನೆಯ ಸುದ್ದಿ.

ಗೆನೆಜರೇತ್ ಅಂದರೆ ನಮ್ಮ ಅರಬ್ಬಿ ಸಮುದ್ರದ ಹಾಗಾ?

ಅಲ್ಲ. ಅದು ಸಿಹಿನೀರಿನ ಸರೋವರ. ಗಲಿಲೇಯ ಸಮುದ್ರ ಅನ್ನುವುದೂ ಅದಕ್ಕೇ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿ ಅದರ ಉದ್ದಕ್ಕಿಂತ ಜಾಸ್ತಿ. ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ತಗ್ಗಿನಲ್ಲಿದೆ. ಸುತ್ತ ಗುಡ್ಡ. ಗಾಳಿ ಒಮ್ಮೆಲೇ ಕೆಳಗಿಳಿದು ನೀರನ್ನು ಎಬ್ಬಿಸುತ್ತದೆ. ಬೇರೆ ಶುಭಸಂದೇಶಗಳು ಅದನ್ನು ಸಮುದ್ರ ಅಂದರೆ, ಲೂಕ ಮಾತ್ರ ಸರೋವರ ಅನ್ನುತ್ತಾನೆ.

ದೋಣಿ ಎಷ್ಟು ದೊಡ್ಡದಿತ್ತು ಅಂತಲೂ ಅಂದಾಜಿದೆ. 1986ರಲ್ಲಿ ಬರದಿಂದ ಆ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಒಂದು ಹಳೆಯ ದೋಣಿ ಸಿಕ್ಕಿತು. ಹೆಚ್ಚುಕಡಿಮೆ ಯೇಸುವಿನ ಕಾಲದ್ದು. ಉದ್ದ 8 ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಗಲ 2.3 ಮೀಟರ್. ಬೇರೆ ಬೇರೆ ಜಾತಿಯ ಮರದ ತುಂಡು ಸೇರಿಸಿ ತೇಪೆ ಹಾಕಿದ್ದರು. ಇದು ಯೇಸು ಹತ್ತಿದ ದೋಣಿ ಅಂತ ಯಾರೂ ಹೇಳಲಾರರು. ಆದರೆ ಅಂಥದ್ದೇ ಒಂದು ಬಡ ದೋಣಿ ಅಂತ ಊಹಿಸಬಹುದು.

ರಾತ್ರಿ ಯಾಕೆ ಹೋಗಿದ್ದರು? ಬೆಳಿಗ್ಗೆ ಬಲೆ ತೊಳೆಯುವುದು ಯಾಕೆ?

ಆಗಿನ ಬಲೆ ನಾರಗಸೆಯ ನೂಲಿನದ್ದು. ಬೆಳಕಿದ್ದರೆ ನೂಲು ಮೀನಿನ ಕಣ್ಣಿಗೆ ಬೀಳುತ್ತದೆ, ಮೀನು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ರಾತ್ರಿಯೇ ಕೆಲಸ. ಬೆಳಿಗ್ಗೆ ತೊಳೆದು ಒಣಗಿಸದಿದ್ದರೆ ನೂಲು ಕೊಳೆಯುತ್ತದೆ. ಈಗಿನ ನೈಲಾನ್ ಬಲೆಗೆ ಆ ಕಷ್ಟ ಇಲ್ಲ. ನನ್ನ ಅಪ್ಪನ ಹತ್ತಿರ ಹತ್ತಿದಾರದ ಬಲೆ ಇತ್ತು. ಅದನ್ನು ತೊಳೆದು, ಕಸಕಡ್ಡಿ ಬಿಡಿಸಿ, ಹರಿದಲ್ಲಿ ಹೆಣೆದು ಹರವುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಮೀನು ಸಿಕ್ಕ ದಿನ ಆ ಕೆಲಸ ಹಾಡು ಹೇಳುತ್ತಾ ಆಗುತ್ತಿತ್ತು. ಸಿಗದ ದಿನ ಯಾರೂ ಮಾತಾಡುತ್ತಿರಲಿಲ್ಲ. ನಾವು ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ.

ಈ ವಿವರ ಗೊತ್ತಿದ್ದರೆ ಮುಂದಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಬಡಗಿ ಮನೆಯವರು ಬಂದು ಮೀನುಗಾರನಿಗೆ ಮೀನು ಹಿಡಿಯುವುದು ಹೇಳಿಕೊಡುವುದಾ? ಸಿಮೋನನಿಗೆ ಸಿಟ್ಟು ಬರಲಿಲ್ಲವಾ?

ಮಾಜಾಳಿ ಕಡೆಯ ಒಬ್ಬರು ಇದನ್ನು ಕೇಳಿ ಜೋರಾಗಿ ನಕ್ಕಿದ್ದರು. ನಾನಾಗಿದ್ದರೆ ದೋಣಿಯಿಂದ ಇಳಿಸುತ್ತಿದ್ದೆ ಅಂದರು.

ಸಿಮೋನನ ಜಾಗದಲ್ಲಿ ನಿಂತು ನೋಡಿ. ರಾತ್ರಿ ನಿದ್ದೆ ಇಲ್ಲ. ಕೈಯಲ್ಲಿ ಒಂದು ಮೀನಿಲ್ಲ. ಬಲೆ ತೊಳೆದು ಮನೆಗೆ ಹೋಗುವ ಹೊತ್ತಿಗೆ ಯೇಸು ಬಂದು ದೋಣಿ ಕೇಳಿದ್ದಾರೆ. ಕೊಟ್ಟಿದ್ದಾನೆ. ಅವರು ಮಾತಾಡಿ ಮುಗಿಸುವವರೆಗೂ ದೋಣಿಯಲ್ಲೇ ಕೂತಿರಬೇಕು, ಎದ್ದು ಹೋಗುವ ಹಾಗಿಲ್ಲ. ಅದೆಲ್ಲ ಆದ ಮೇಲೆ ಈ ಮಾತು: ಆಳಕ್ಕೆ ನಡೆಸು, ಬಲೆ ಬಿಡಿ. ಅದೂ ಹಗಲಿನಲ್ಲಿ, ನೂಲು ಮೀನಿಗೆ ಕಾಣುವ ಹೊತ್ತಿನಲ್ಲಿ.

ಪ್ರವಚನಗಳಲ್ಲಿ ಒಂದು ಮಾತು ಬಿಟ್ಟುಹೋಗುತ್ತದೆ. ತೊಳೆದ ಬಲೆಯನ್ನು ಮತ್ತೆ ನೀರಿಗೆ ಬಿಟ್ಟರೆ ಮತ್ತೆ ತೊಳೆಯಬೇಕು. ಮೀನು ಸಿಕ್ಕರೂ ತೊಳೆಯಬೇಕು, ಸಿಗದಿದ್ದರೂ ತೊಳೆಯಬೇಕು. ಸಿಮೋನ ಒಪ್ಪಿಕೊಂಡದ್ದು ಮೊದಲಿಗೆ ಆ ಎರಡನೇ ತೊಳೆತವನ್ನು. ಇಡೀ ಭಾಗದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಮೀನಿನ ರಾಶಿ ಆಮೇಲಿನ ಮಾತು.

ಅವನು ಸುಮ್ನೆ ಹೂಂ ಅನ್ನುವುದಿಲ್ಲ, ಅದನ್ನೂ ಗಮನಿಸಿ. ಮೊದಲು ತನ್ನ ಕಷ್ಟ ಹೇಳುತ್ತಾನೆ: ರಾತ್ರಿಯಿಡೀ ದುಡಿದೆವು, ಏನೂ ಸಿಗಲಿಲ್ಲ. ಇದು ದೂರು. ಯೇಸು ಅದನ್ನು ತಪ್ಪು ಅನ್ನಲಿಲ್ಲ. ಆಮೇಲೆ ಬರುತ್ತದೆ 'ಆದರೂ'. ದೂರನ್ನು ನುಂಗಿಕೊಂಡು ಭಕ್ತಿಯ ಮುಖ ಹೊತ್ತು ಬರಬೇಕಾಗಿಲ್ಲ. ದೂರು ಹೇಳಿಯೇ ಬಲೆ ಎತ್ತಿಕೊಳ್ಳಬಹುದು.

ಇನ್ನೊಂದು ವಿಷಯ. ಲೂಕ ಹೇಳುವ ಪ್ರಕಾರ ಅವರಿಬ್ಬರಿಗೆ ಇದು ಮೊದಲ ಭೇಟಿಯಲ್ಲ. ಹಿಂದಿನ ಅಧ್ಯಾಯ ತಿರುವಿ ಹಾಕಿ. ಯೇಸು ಸಿಮೋನನ ಮನೆಗೆ ಹೋಗಿ, ಜ್ವರದಿಂದ ಮಲಗಿದ್ದ ಅವನ ಅತ್ತೆಯನ್ನು ಎಬ್ಬಿಸಿದ್ದರು. ಮನೆಯವರ ಹಾಗೆ ಬಂದುಹೋದ ಮನುಷ್ಯ ದೋಣಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ, ಅಲ್ವಾ?

ನನಗೆ ಬಲೆಯೂ ಇಲ್ಲ, ದೋಣಿಯೂ ಇಲ್ಲ. ಇದನ್ನು ದಿನದ ಬದುಕಿಗೆ ಹೇಗೆ ತರುವುದು?

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ವರ್ಷ ನಾನು ಕಲಿಸಿದ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಹನ್ನೊಂದು ಮಕ್ಕಳು ಫೇಲಾದರು. ಆ ವರ್ಷ ನಾನು ಸಂಜೆ ಆರರವರೆಗೆ ಕೂತು ಹೆಚ್ಚಿನ ಪಾಠ ಮಾಡಿದ್ದೆ, ಭಾನುವಾರ ಪೂಜೆ ಮುಗಿಸಿ ಹೋಗಿಯೂ ಮಾಡಿದ್ದೆ. ಸಿಬ್ಬಂದಿ ಕೋಣೆಯಲ್ಲಿ ಒಂದೆರಡು ಚುಚ್ಚುಮಾತು ಕೇಳಿದೆ. ವರ್ಗಾವಣೆಗೆ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ಆ ಮಕ್ಕಳಿಗೆ ಮರುಪರೀಕ್ಷೆ ಇತ್ತು. ಮತ್ತೆ ಅದೇ ಹನ್ನೊಂದು ಮಕ್ಕಳು, ಅದೇ ಅಧ್ಯಾಯ, ಅದೇ ಹಲಗೆ. ಹೋಗಲು ಮನಸ್ಸಿರಲಿಲ್ಲ. ಹೋದೆ. ಏಳು ಮಂದಿ ಪಾಸಾದರು, ನಾಲ್ಕು ಮಂದಿ ಆಗಲಿಲ್ಲ. ದೋಣಿ ಮುಳುಗುವಷ್ಟೇನೂ ಸಿಗಲಿಲ್ಲ ಅನ್ನಿ. ಆದರೆ ಆ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದು ಒಳಗೆ ಹೋದದ್ದು ಇವತ್ತಿಗೂ ನೆನಪಿದೆ.

ನಿಮ್ಮ ತೊಳೆದ ಬಲೆ ಯಾವುದು ಅಂತ ಮೊದಲು ಕೇಳಿಕೊಳ್ಳಿ. ಎಲ್ಲ ಮಾಡಿ, ಏನೂ ಆಗದೆ, ಇನ್ನು ಸಾಕು ಎಂದು ಮಡಚಿಟ್ಟ ಒಂದು ಕೆಲಸ ಎಲ್ಲರ ಮನೆಯಲ್ಲೂ ಇರುತ್ತದೆ. ಕುಡಿಯುವ ತಮ್ಮನಿಗೆ ಮತ್ತೊಮ್ಮೆ ಫೋನ್ ಮಾಡುವುದು. ಜಾಗದ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯ ಮನೆ ಮೆಟ್ಟಿಲು ಹತ್ತುವುದು. ಓದಲ್ಲಿ ಆಸಕ್ತಿ ಇಲ್ಲದ ಮಗನ ಪಕ್ಕ ಇನ್ನೊಂದು ಸಂಜೆ ಕೂರುವುದು.

ಅಂದರೆ ನಂಬಿದರೆ ಮೀನು ಸಿಕ್ಕೇ ಸಿಗುತ್ತದೆ, ವ್ಯಾಪಾರ ಕುದುರುತ್ತದೆ ಅಂತಲಾ?

ಇಲ್ಲ. ಕೆಲವರು ಟೀವಿಯಲ್ಲಿ ಹಾಗೆ ಹೇಳುವುದನ್ನು ನಾನೂ ಕೇಳಿದ್ದೇನೆ. ಇಷ್ಟು ಕಾಣಿಕೆ ಹಾಕಿ, ಬಲೆ ತುಂಬುತ್ತದೆ ಎಂದು. ಹಾಗೆ ಹೇಳುವವರು ಕೊನೆಯ ವಚನವನ್ನು ಓದುವುದೇ ಇಲ್ಲ. ಬದುಕಿನಲ್ಲೇ ಅತಿ ದೊಡ್ಡ ಮೀನಿನ ರಾಶಿ ಸಿಕ್ಕ ದಿನವೇ ಅವರು ಅದನ್ನು ದಡದಲ್ಲಿ ಬಿಟ್ಟು ಹೋದರು. ಮೀನೇ ಮುಖ್ಯವಾಗಿದ್ದರೆ ಕಥೆ ಹೀಗೆ ಮುಗಿಯುತ್ತಿರಲಿಲ್ಲ.

ತಾರ್ಲೆ (ಬೂತಾಯಿ) ಮೀನು ಬಾರದ ವರ್ಷ ನಮ್ಮ ದಂಡೆಯಲ್ಲಿ ನಂಬಿಕೆ ಕಡಿಮೆಯಾಗಿತ್ತು ಅಂತೇನೂ ಇಲ್ಲ. ಪ್ರಾರ್ಥನೆ ಮಾಡಿಯೇ ಹೋದವರು ಬರಿಗೈಯಲ್ಲಿ ಬಂದಿದ್ದಾರೆ, ಸಾಲದ ಕಂತು ಕಟ್ಟಲಾಗದೆ ಕೂತಿದ್ದಾರೆ. ಅವರಿಗೆ ನಿಮ್ಮ ನಂಬಿಕೆ ಸಾಲದು ಅನ್ನುವುದು ಕ್ರೂರತನ.

ಹಾಗಾದರೆ ಆವತ್ತಿನ ಮೀನು ಏನಾಯಿತು?

ಮಕ್ಕಳು ಕೇಳುವ ಪ್ರಶ್ನೆ, ನನಗೆ ಬಹಳ ಇಷ್ಟ. ಲೂಕ ಹೇಳಿಲ್ಲ. ಆದರೆ ಮಾರ್ಕನ ಶುಭಸಂದೇಶದಲ್ಲಿ ಒಂದು ಸುಳಿವಿದೆ. ಸಿಮೋನನ ಪಾಲುದಾರರಾದ ಅಣ್ಣತಮ್ಮ ಯಕೋಬ, ಯೊವಾನ್ನ ಹೊರಟಾಗ ಅಪ್ಪ ಜೆಬೆದಾಯ ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಉಳಿದ. ಅಂದರೆ ವ್ಯವಹಾರ ನಿಂತುಹೋಗಲಿಲ್ಲ. ಅದೇ ಸರೋವರದ ದಂಡೆಯ ಮಗ್ದಲ ಊರು ಉಪ್ಪು ಹಾಕಿದ ಮೀನಿಗೆ ಹೆಸರಾಗಿತ್ತು. ಯಾರೋ ಆ ಮೀನನ್ನು ಬುಟ್ಟಿಗೆ ತುಂಬಿ ಮಾರಿರಬೇಕು. ಆವತ್ತು ಗೆನೆಜರೇತಿನಲ್ಲಿ ಮೀನಿನ ರೇಟು ಬಿದ್ದಿರಬೇಕು ಅಂತ ನಮ್ಮ ಗುಂಪಿನ ಒಬ್ಬ ಹುಡುಗ ಹೇಳಿದ. ಇರಬಹುದು!

ಮೀನು ಸಿಕ್ಕರೆ ಖುಷಿಪಡಬೇಕು. ಸಿಮೋನ ಯಾಕೆ 'ನನ್ನಿಂದ ದೂರ ಹೋಗಿ' ಅಂದ?

ನನಗೂ ಬಹಳ ವರ್ಷ ಇದು ಅರ್ಥವಾಗಿರಲಿಲ್ಲ. ದೇವಾಲಯದಲ್ಲಿ ದೇವರ ದರ್ಶನವಾದಾಗ ಯೆಶಾಯ ಪ್ರವಾದಿಯೂ ಹೀಗೇ ನಡುಗಿದ್ದ ಎಂದು ಫಾದರ್ ಒಬ್ಬರು ವಿವರಿಸಿದ್ದರು. ಪುಸ್ತಕದ ಮಟ್ಟಿಗೆ ಅದು ಸರಿ. ನನಗೆ ಅರ್ಥವಾದದ್ದು ಬೇರೆ ದಾರಿಯಿಂದ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಲೆಕ್ಕ ಬರುತ್ತಿರಲಿಲ್ಲ. ಒಂದು ದಿನ ಎಲ್ಲರೆದುರು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ. ಅವನ ಅಪ್ಪನನ್ನೂ ಸೇರಿಸಿ ಒಂದು ಮಾತಂದೆ. ಅವನು ಶಾಲೆ ಬಿಟ್ಟ. ನಾನು ಮರೆತೆ. ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ಒಂದು ಮಳೆಗಾಲದ ನಡುರಾತ್ರಿ ನನ್ನ ಹೆಂಡತಿಗೆ ಎದೆನೋವು ಬಂತು. ಗಾಡಿ ಸಿಗಲಿಲ್ಲ. ಪಕ್ಕದ ಮನೆಯವರು ಯಾರಿಗೋ ಫೋನ್ ಮಾಡಿದರು. ಒಂದು ಕಾರು ಬಂತು. ಕಾರು ಓಡಿಸುತ್ತಿದ್ದವನು ಆ ಜಡಿಮಳೆಯಲ್ಲಿ ಗೋವಾದ ಆಸ್ಪತ್ರೆಯವರೆಗೆ ಹೊಡೆದುಕೊಂಡು ಹೋದ, ಬೆಳಗಿನವರೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದ. ದುಡ್ಡು ಕೊಡಲು ಹೋದಾಗ, "ಬೇಡ ಸರ್, ನೀವು ನನ್ನ ಮೇಷ್ಟ್ರು" ಅಂದ. ಆಗ ಮುಖ ನೋಡಿದೆ.

ಅವನು ಅಲ್ಲಿಂದ ಬೇಗ ಹೊರಟರೆ ಸಾಕು ಅನ್ನಿಸಿತು ನನಗೆ. ಅವನು ತಪ್ಪು ಮಾಡಿದ್ದಕ್ಕಲ್ಲ. ಅಷ್ಟು ಒಳ್ಳೆಯದು ನನ್ನ ಮುಂದೆ ನಿಂತಿರುವಾಗ ನಾನು ಯಾರು ಅಂತ ನನಗೇ ಕಂಡುಬಿಟ್ಟಿತು.

ಸಿಮೋನನಿಗೆ ಆದದ್ದು ಇದೇ ಇರಬೇಕು. ಯೇಸು ಅವನನ್ನು ಬೈದಿರಲಿಲ್ಲ, ಪಾಪದ ಪಟ್ಟಿ ಓದಿರಲಿಲ್ಲ. ಕೈತುಂಬ ಕೊಟ್ಟರು, ಅಷ್ಟೇ. ಅದರಿಂದಲೇ ಅವನು ಕುಸಿದ. ಇನ್ನೊಂದು ನೋಡಿ. ದೂರ ಹೋಗಿ ಅಂದಾಗ ಯೇಸು ದೂರ ಹೋಗಲಿಲ್ಲ. ನೀನು ಪಾಪಿಯೇ ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹೆದರಬೇಡ ಅಂದರು, ಕೆಲಸ ಕೊಟ್ಟರು.

ಎರಡನೇ ದೋಣಿಯ ವಿಷಯ ನೀವು ಪ್ರತಿ ಸಲ ತೆಗೆಯುತ್ತೀರಲ್ಲ, ಯಾಕೆ?

ತೆಗೆಯುತ್ತೇನೆ. ಈ ದಂಡೆಯಲ್ಲಿ ಹುಟ್ಟಿದವರು ಅದನ್ನು ಬಿಡುವ ಹಾಗಿಲ್ಲ.

ಹಿಂದೆ ಇಲ್ಲಿ ರಂಪಣಿ ಇತ್ತು. ಬಲೆಯ ಒಂದು ತುದಿಯನ್ನು ದಡದಲ್ಲಿಟ್ಟು, ದೋಣಿಯಲ್ಲಿ ಸುತ್ತುಹಾಕಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುವುದು. ಆಮೇಲೆ ಎರಡೂ ಕಡೆಯಿಂದ ಎಳೆಯುವುದು. ಒಂದು ಮನೆಯ ಕೈ ಸಾಲದು, ಹತ್ತಾರು ಜನ ಬೇಕು. ಸಿಕ್ಕದ್ದು ಪಾಲಾಗುತ್ತಿತ್ತು. ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಎಳೆದವರಿಗೆಲ್ಲ ಪಾಲು. ನನ್ನ ಅಪ್ಪ ಕೈಕೊಟ್ಟದ್ದು ಅದರ ಚಿಕ್ಕ ರೂಪವಾದ ಏಂಡಿಗೆ. ಕೈಲಾಗದ ಮುದುಕರು ಬಂದು ಹಗ್ಗಕ್ಕೆ ಸುಮ್ನೆ ಕೈ ತಾಗಿಸಿ ನಿಲ್ಲುತ್ತಿದ್ದರು. ಅವರ ಬುಟ್ಟಿಗೂ ನಾಲ್ಕು ಬಂಗಡೆ ಬೀಳುತ್ತಿತ್ತು. ಅದನ್ನು ಯಾರೂ ದಾನ ಅನ್ನುತ್ತಿರಲಿಲ್ಲ, ಅವರೂ ಹಗ್ಗ ಮುಟ್ಟಿದ್ದಾರಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಯಂತ್ರದ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅಲ್ಲೇ ಸುತ್ತುವರಿದು ಹಿಡಿಯಲು ಶುರುವಾಯಿತು. ರಂಪಣಿ ಸೊರಗಿತು. ದುಡಿದದ್ದು ಸಾಕಾಗದೆ ಜನ ಬೇರೆ ಕೆಲಸಕ್ಕೆ ಹೋದರು.

ಈಗ ಲೂಕನಿಗೆ ಬನ್ನಿ. ಮೀನು ಬಿತ್ತು, ಬಲೆ ಹರಿಯುತ್ತಿದೆ. ಸಿಮೋನ ಏನು ಮಾಡಬಹುದಿತ್ತು? ಅರ್ಧ ಮೀನು ಚೆಲ್ಲಿ, ಉಳಿದದ್ದನ್ನು ತನ್ನ ದೋಣಿಗೆ ಹಾಕಿಕೊಂಡು ಹೋಗಬಹುದಿತ್ತು. ಅವನು ಸನ್ನೆ ಮಾಡಿದ. ಆ ಇನ್ನೊಂದು ದೋಣಿಯವರೂ ರಾತ್ರಿಯಿಡೀ ಬರಿಗೈ ಆದವರೇ. ಲೂಕ ಅವರನ್ನು ಪಾಲುದಾರರು ಅನ್ನುತ್ತಾನೆ. ಮೂಲ ಗ್ರೀಕಿನಲ್ಲಿ ಅಲ್ಲಿರುವ ಒಂದು ಪದದ ಬೇರಿನಿಂದಲೇ, ಮುಂದೆ ಕ್ರೈಸ್ತರ ಒಡನಾಟಕ್ಕೆ, ಒಂದೇ ಪಂಕ್ತಿಯ ಬದುಕಿಗೆ ಬಳಸಿದ ಪದವೂ ಬಂತು. ನಮ್ಮ ಧರ್ಮಸಭೆಯ ಒಡನಾಟದ ಮಾತು ಮೀನು ಹಂಚಿಕೊಂಡ ಎರಡು ದೋಣಿಗಳ ಮಾತಿನ ನೆಂಟ.

ದಿನದ ಬದುಕಿಗೆ ಇದು ಎರಡು ಕಡೆ ತಾಗುತ್ತದೆ. ಒಂದು, ಸಿಕ್ಕಾಗ ಕರೆಯುವುದು. ನಿಮಗೆ ಒಳ್ಳೆಯ ಕೆಲಸ ಸಿಕ್ಕಿತು, ಒಳ್ಳೆಯ ಗಿರಾಕಿ ಸಿಕ್ಕರು, ಸರಕಾರದ ಯೋಜನೆಯೊಂದರ ಸುಳಿವು ಸಿಕ್ಕಿತು. ಯಾರಿಗೆ ಹೇಳುತ್ತೀರಿ? ಗುಟ್ಟಾಗಿ ಇಟ್ಟುಕೊಳ್ಳುತ್ತೀರಾ? ಎರಡನೆಯದು ಇನ್ನೂ ಕಷ್ಟ. ಭಾರ ಜಾಸ್ತಿಯಾದಾಗ ಕೈ ಬೀಸಿ ಕರೆಯುವುದು. ನಮ್ಮ ಗಂಡಸರಿಗೆ ಇದು ಬರುವುದಿಲ್ಲ. ದೋಣಿ ಮುಳುಗಿದರೂ ಸರಿ, ಪಕ್ಕದವರಿಗೆ ಗೊತ್ತಾಗಬಾರದು. ಸ್ವಸಹಾಯ ಸಂಘದ ಹೆಂಗಸರು ಇದರಲ್ಲಿ ಜಾಣರು. ಕಂತು ಕಟ್ಟಲಾಗದ ವಾರ ಬಾಯಿಬಿಟ್ಟು ಹೇಳುತ್ತಾರೆ, ನಾಲ್ಕು ಜನ ಸೇರಿ ತುಂಬುತ್ತಾರೆ.

'ಆಳಕ್ಕೆ ನಡೆಸು' ಅಂದರೆ ಧೈರ್ಯವಾಗಿ ದೊಡ್ಡ ಹೆಜ್ಜೆ ಇಡು ಅಂತ ಅರ್ಥವಾ?

ಸ್ವಲ್ಪ ಹೌದು. ಪೋಪ್ ಎರಡನೇ ಜಾನ್ ಪಾಲ್ 2001ರ ಜನವರಿಯಲ್ಲಿ ಹೊಸ ಸಹಸ್ರಮಾನಕ್ಕೆ ಬರೆದ ಪತ್ರದಲ್ಲಿ ಈ ಮಾತನ್ನೇ ಮುಂದಿಟ್ಟಿದ್ದರು. ಆದರೆ ಎಚ್ಚರ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ ಇದೆ. ಆಗ ಯಾರಾದರೂ ಲೂಕನ ಈ ವಚನ ಹೇಳಿ ಹೊರಟರೆ ದಯವಿಟ್ಟು ತಡೆಯಿರಿ! ಗಾಳಿಮಳೆಯ ಮುನ್ನೆಚ್ಚರಿಕೆ ಇದ್ದಾಗ ದಡದಲ್ಲಿ ಇರುವುದು ನಂಬಿಕೆ ಕಡಿಮೆಯಾದ ಲಕ್ಷಣ ಅಲ್ಲ. ಚಿನ್ನ ಅಡವಿಟ್ಟು ಗೊತ್ತಿಲ್ಲದ ವ್ಯಾಪಾರಕ್ಕೆ ದುಡ್ಡು ಸುರಿಯುವುದೂ ಆಳಕ್ಕೆ ಹೋಗುವುದಲ್ಲ.

ಒಂದು ಸಣ್ಣ ಕುತೂಹಲ. ಗ್ರೀಕಿನಲ್ಲಿ 'ನಡೆಸು' ಏಕವಚನ, 'ಬಲೆ ಬಿಡಿ' ಬಹುವಚನ. ದಾರಿ ಹಿಡಿಯುವ ಜವಾಬ್ದಾರಿ ಒಬ್ಬನದು, ಕೆಲಸ ಎಲ್ಲರದು.

ಇದು ನಿಜವಾಗಿ ಪವಾಡವಾ? ದೂರದಿಂದ ಮೀನಿನ ಹಿಂಡು ಕಂಡಿರಬಹುದಲ್ಲ?

ರಂಪಣಿಯ ಕಾಲದಲ್ಲೂ ನೀರಿನ ಬಣ್ಣ ನೋಡಿ ಹಿಂಡು ಎಲ್ಲಿದೆ ಎಂದು ಹೇಳುವ ಚುರುಕುಕಣ್ಣಿನವರು ಇದ್ದರು. ಹಾಗಾಗಿ ಕೇಳಿದ್ದು ತಪ್ಪಲ್ಲ. ನಾನು ಪವಾಡ ಅಂತಲೇ ನಂಬುತ್ತೇನೆ. ಆದರೆ ಸಿಮೋನ ಆ ಸರೋವರದಲ್ಲೇ ಬೆಳೆದವನು. ಹಿಂಡು ಯಾವುದು, ಅಚ್ಚರಿ ಯಾವುದು ಅಂತ ನಮಗಿಂತ ಅವನಿಗೆ ಚೆನ್ನಾಗಿ ಗೊತ್ತು. ಅವನು ಮೊಣಕಾಲಿಗೆ ಬಿದ್ದ.

'ಮನುಷ್ಯರನ್ನು ಹಿಡಿಯುವವನು' ಅಂದರೆ ಮತಾಂತರ ಅಂತಲ್ಲವಾ? ನಮ್ಮ ಆಫೀಸಿನಲ್ಲಿ ಕೇಳಿದರು.

ಕೇಳಲಿ, ಸಿಟ್ಟಾಗಬೇಡಿ. ಬಲೆ, ಹಿಡಿಯುವುದು ಎಂಬ ಮಾತು ಹೊರಗಿನವರ ಕಿವಿಗೆ ಹಾಗೆ ಕೇಳಿಸುವುದು ಸಹಜ.

ಲೂಕ ಇಲ್ಲಿ ಬಳಸಿದ ಗ್ರೀಕ್ ಪದಕ್ಕೆ ಜೀವಂತ ಹಿಡಿಯುವುದು ಎಂದರ್ಥ. ಯುದ್ಧದಲ್ಲಿ ಕೊಲ್ಲದೆ ಜೀವ ಉಳಿಸುವುದಕ್ಕೂ ಅದೇ ಪದ. ಬಲೆಗೆ ಬಿದ್ದ ಮೀನು ಸಾಯುತ್ತದೆ. ಇದು ಅದರ ತಿರುಗುಮುರುಗು. ನೀರಿನಲ್ಲಿ ಮುಳುಗುತ್ತಿರುವವರನ್ನು ಎತ್ತಿ ಬದುಕಿಸುವ ಕೆಲಸ. ದೋಣಿ ಮಗುಚಿದ ದಿನ ನಮ್ಮ ಹುಡುಗರು ನೀರಿಗೆ ಹಾರುತ್ತಾರಲ್ಲ, ಆಗ ಮುಳುಗುವವನ ಜಾತಿ ಧರ್ಮ ಕೇಳುವುದಿಲ್ಲ. ಆಫೀಸಿನವರಿಗೆ ಹೀಗೆ ಹೇಳಿ. ಆಮೇಲೆ ಅವರ ಜೊತೆ ಚಹಾ ಕುಡಿಯಿರಿ. ನಂಬಿಕೆಯ ಬಗ್ಗೆ ಕೇಳಿದರೆ ಮುಚ್ಚಿಡದೆ ಹೇಳಿ, ಕೇಳದಿದ್ದರೆ ತಲೆ ತಿನ್ನಬೇಡಿ. ನನ್ನ ಅಭಿಪ್ರಾಯ ಇಷ್ಟೇ.

ಎಲ್ಲವನ್ನೂ ಬಿಟ್ಟು ಹೋದರಲ್ಲ. ನಾವೂ ಕೆಲಸ ಬಿಡಬೇಕಾ?

ಬಿಡಬೇಡಿ. ಮನೆಯಲ್ಲಿ ಅಕ್ಕಿ ಬೇಕಲ್ಲ.

ಲೂಕನಲ್ಲೇ ಬಿಡುವುದಕ್ಕೆ ಹಲವು ಬಗೆ ಇದೆ. ಇದೇ ಅಧ್ಯಾಯದಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಲೇವಿಯೂ ಎಲ್ಲ ಬಿಟ್ಟು ಎದ್ದ, ಆದರೆ ಅದರ ಬೆನ್ನಲ್ಲೇ ತನ್ನ ಮನೆಯಲ್ಲಿ ದೊಡ್ಡ ಔತಣ ಇಟ್ಟ. ಅಂದರೆ ಮನೆ ಇನ್ನೂ ಇತ್ತು. 19ನೇ ಅಧ್ಯಾಯದ ಜಕ್ಕಾಯ ಆಸ್ತಿಯ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ಯೇಸು ಅವನಿಗೆ ಉಳಿದರ್ಧ ಎಲ್ಲಿ ಅಂತ ಕೇಳಲಿಲ್ಲ.

ಈ ವಚನವನ್ನು ನಮ್ಮೂರಲ್ಲಿ ಓದುವಾಗ ದನಿ ತಗ್ಗಿಸಿ ಓದಬೇಕು. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟು ದಂಡೆ ಬಿಟ್ಟ ಮನೆಗಳವರು ಇಲ್ಲಿ ಬೇಕಾದಷ್ಟು ಇದ್ದಾರೆ. ಗುಂಪಿನಲ್ಲಿ ಒಬ್ಬ ಅಜ್ಜಿ ಒಮ್ಮೆ ಅಂದರು: "ಅವರು ಬಿಟ್ಟರು ಮಗಾ, ನಮ್ಮನ್ನು ಬಿಡಿಸಿದರು." ಆ ವಾರ ನಾನು ಮುಂದೆ ಏನೂ ಹೇಳಲಿಲ್ಲ. ತಾನಾಗಿ ಬಿಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಬಹಳ ದೂರ. ಕಳೆದುಕೊಂಡವರಿಗೆ ತ್ಯಾಗದ ಪಾಠ ಹೇಳಲು ಹೋಗಬೇಡಿ.

ಈ ಕಥೆಯಲ್ಲಿ ಹೆಂಗಸರೇ ಇಲ್ಲವಲ್ಲ?

ಮೀನು ಮಾರುವ ಅಕ್ಕ ಒಬ್ಬರು ಕೇಳಿದ್ದು. ಗಂಡಸರು ಎಲ್ಲ ಬಿಟ್ಟು ಹೋದರು ಅಂತ ದೊಡ್ಡದಾಗಿ ಬರೆದಿದ್ದಾರೆ, ಸಂಜೆ ಒಲೆ ಹಚ್ಚಿದ್ದು ಯಾರು ಅಂತ. ನ್ಯಾಯವಾದ ಪ್ರಶ್ನೆ. ಸಿಮೋನನಿಗೆ ಅತ್ತೆ ಇದ್ದಳು, ಅಂದರೆ ಹೆಂಡತಿಯೂ ಇದ್ದಳು. ಜ್ವರ ಬಿಟ್ಟ ಕೂಡಲೇ ಎದ್ದು ಎಲ್ಲರನ್ನೂ ಉಪಚರಿಸಿದವಳು ಆ ಅತ್ತೆ. 8ನೇ ಅಧ್ಯಾಯದ ಮೊದಲ ಮೂರು ವಚನ ಓದಿ. ಮಗ್ದಲದ ಮರಿಯಳು, ಯೊವಾನ್ನಳು, ಸುಸನ್ನಳು ಮತ್ತು ಇನ್ನೂ ಹಲವು ಹೆಂಗಸರು ತಮ್ಮ ಕೈಯಿಂದ ಖರ್ಚು ಹಾಕಿ ಆ ಗುಂಪನ್ನು ನಡೆಸುತ್ತಿದ್ದರು ಎಂದು ಲೂಕನೇ ಹೇಳುತ್ತಾನೆ. ಇದನ್ನು ಓದಿದಾಗ ಆ ಅಕ್ಕ, "ಹಾಂ, ಲೆಕ್ಕ ಈಗ ಸರಿಹೋಯಿತು" ಅಂದರು.

ನಾವು ಶಿರಸಿ ಕಡೆಯವರು. ದೋಣಿ, ಬಲೆ ಮನಸ್ಸಿಗೆ ಇಳಿಯುವುದಿಲ್ಲ.

ಘಟ್ಟದ ಮೇಲಿನವರಿಗೆ ಅಡಿಕೆ ತೋಟ ಇದೆಯಲ್ಲ. ಮದ್ದು ಹೊಡೆಸಿದಿರಿ, ಮಳೆ ಬಿಡಲಿಲ್ಲ, ಕೊಳೆ ಬಂತು, ಕಾಯಿ ಉದುರಿ ನೆಲ ತುಂಬಿತು. ಮತ್ತೆ ಕೊನೆಗೌಡನನ್ನು ಕರೆದು ಮರ ಹತ್ತಿಸಬೇಕಾ ಬೇಡವಾ ಅಂತ ಜಗಲಿಯಲ್ಲಿ ಕೂತು ಯೋಚಿಸುತ್ತೀರಲ್ಲ, ಅದೇ ಬಲೆ ತೊಳೆಯುವ ಹೊತ್ತು.

ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯದಲ್ಲೂ ಇದೇ ಕಥೆ ಇದೆಯಲ್ಲ?

ಹೋಲುತ್ತದೆ, ಅದೇ ಅಲ್ಲ. ಅದು ಯೇಸು ಪುನರುತ್ಥಾನರಾದ ಮೇಲಿನದು. ಅಲ್ಲಿ ಮೀನಿನ ಲೆಕ್ಕ ಇದೆ, 153. ಬಲೆ ಹರಿಯುವುದಿಲ್ಲ. ದಡದಲ್ಲಿ ಕೆಂಡದ ಮೇಲೆ ಮೀನು, ರೊಟ್ಟಿ ಸಿದ್ಧವಾಗಿರುತ್ತದೆ. ಎರಡನ್ನೂ ಒಂದೇ ವಾರದಲ್ಲಿ ಓದಿ, ರುಚಿ ಬೇರೆಯೇ.

ಮನೆಯಲ್ಲಿ ಓದುವುದು ಹೇಗೆ? ಕನ್ನಡದಲ್ಲೋ ಕೊಂಕಣಿಯಲ್ಲೋ?

ರಾತ್ರಿ ತೇರ್ಸ್ (ಜಪಸರದ ಪ್ರಾರ್ಥನೆ) ಆದ ಮೇಲೆ ಐದು ನಿಮಿಷ ಸಾಕು. ಒಬ್ಬರು ಜೋರಾಗಿ, ನಿಧಾನವಾಗಿ ಓದಲಿ. ಪ್ರತಿಯೊಬ್ಬರೂ ತಮಗೆ ತಾಗಿದ ಒಂದು ಮಾತು ಮಾತ್ರ ಹೇಳಲಿ. ವಿವರಣೆ ಬೇಡ, ಉಪದೇಶ ಬೇಡವೇ ಬೇಡ. ಅಪ್ಪಂದಿರು ಇದನ್ನು ಮಕ್ಕಳ ಮೊಬೈಲ್ ಬಗ್ಗೆ ಭಾಷಣ ಮಾಡುವ ಅವಕಾಶ ಮಾಡಿಕೊಳ್ಳಬಾರದು. ನಾನು ಮಾಡಿ ಕೆಟ್ಟಿದ್ದೇನೆ.

ಭಾಷೆ ನಿಮಗೆ ಬೇಕಾದ್ದು. ನಾವು ಕನ್ನಡದಲ್ಲಿ ಓದುತ್ತೇವೆ, ಜಗಳ ಕೊಂಕಣಿಯಲ್ಲಿ ಆಡುತ್ತೇವೆ.

ಗುರುವಾರದ ಗುಂಪಿಗೆ ಯಾರು ಬರಬಹುದು? ಏನು ತರಬೇಕು?

ಯಾರೂ ಬರಬಹುದು. ಕ್ರೈಸ್ತರಲ್ಲದ ಇಬ್ಬರು ಆಗಾಗ ಬರುತ್ತಾರೆ. ಒಳ್ಳೆಯ ಪ್ರಶ್ನೆಗಳಲ್ಲಿ ಅರ್ಧ ಅವರವು. ಬೈಬಲ್ ನಮ್ಮಲ್ಲಿದೆ. ಅಕ್ಷರ ಸಣ್ಣದು, ಕನ್ನಡಕ ಮರೆಯಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಒಂದು ಟಾರ್ಚ್ ಇದ್ದರೆ ತನ್ನಿ.